ಹದಿನಾಲ್ಕನೆಯ ಹಾಳೆಯ ಅಂಚು

ಪ್ರಾದೇಶಿಕ ಯೋಜನೆಯ ಕ್ಷೇತ್ರದಲ್ಲಿ ರಸ್ತೆಯನ್ನು ಬಲ್ಲವರಿದ್ದಾರೆ, ನೀರನ್ನು ಬಲ್ಲವರಿದ್ದಾರೆ, ಕಾರ್ಖಾನೆಗೆ ಎಲ್ಲಿ ಜಾಗ ಕೊಡಬೇಕೆಂದು ಹೇಳಬಲ್ಲವರಂತೂ ಕೇಳುವುದಕ್ಕೆ ಮೊದಲೇ ಎದ್ದು ನಿಲ್ಲುತ್ತಾರೆ. ಏನನ್ನೂ ಕಟ್ಟದೆ ಸುಮ್ಮನೆ ಬಿಡಬೇಕಾದ ನೆಲದ ಬಗ್ಗೆ ಮಾತನಾಡುವವರು ಮಾತ್ರ ನಮ್ಮಲ್ಲಿ ಬಹುಕಾಲ ಇರಲಿಲ್ಲ. ಮಕ್ಕಳು ಓಡುವುದಕ್ಕೆ, ಹರೆಯದವರು ಚೆಂಡು ಒದೆಯುವುದಕ್ಕೆ, ವಯಸ್ಸಾದವರು ಎಳೆಬಿಸಿಲಿನಲ್ಲಿ ಕೂರುವುದಕ್ಕೆ ಪ್ರತಿಯೊಂದು ವಸತಿಯ ಹತ್ತಿರವೂ ಇಂತಿಷ್ಟು ಬಯಲು ಇರಲೇಬೇಕು, ನೀರು ದೀಪಗಳಂತೆ ಅದೂ ಜನರ ಹಕ್ಕು ಎಂಬುದನ್ನು ಇಡೀ ಪ್ರದೇಶಕ್ಕೆ ಅಳೆದು, ನಕ್ಷೆ ಬರೆದು, ಕಾನೂನಿನ ಬಲ ಕೊಡಿಸಿ ತೋರಿಸಿದವರು ಈ ಸಂಪುಟದ ಗೌರವಕ್ಕೆ ಪಾತ್ರರಾಗಿರುವ ನಮ್ಮ ಉಪ ಮುಖ್ಯ ಯೋಜಕರು. ಮೂವತ್ತನಾಲ್ಕು ವರ್ಷಗಳ ಸೇವೆಯನ್ನು ಮುಗಿಸಿ ಅವರು ಹೋದ ತಿಂಗಳು ನಿವೃತ್ತರಾದರು. ಕಚೇರಿಯ ಒಳಗೂ ಹೊರಗೂ ಅವರು ಎಲ್ಲರಿಗೂ ಹೆಜ್ಜೆ ಮೇಡಂ.

ಸಂಪುಟದ ಸಂಪಾದಕರು ನನಗೆ ಬರೆದ ಕಾಗದದಲ್ಲಿ, "ಅವರ ಕೈಕೆಳಗೆ ಅತಿ ಹೆಚ್ಚು ಕಾಲ ದುಡಿದವರು ನೀವು, ಹಿತವಾದ ನಾಲ್ಕು ಮಾತು ಬರೆದುಕೊಡಿ" ಎಂದು ಕೇಳಿದ್ದರು. ಹಿತವಾದ ಮಾತು ನನ್ನಲ್ಲಿ ಬೇಕಾದಷ್ಟಿವೆ. ಆದರೆ ಅಹಿತವಾದ ಒಂದು ಮಾತನ್ನು ಇಪ್ಪತ್ತು ವರ್ಷದಿಂದ ನುಂಗಲೂ ಆಗದೆ ಉಗುಳಲೂ ಆಗದೆ ಇಟ್ಟುಕೊಂಡಿದ್ದೇನೆ. ಅದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಬರೆದರೆ ಮೇಡಂ ಅವರಿಗೆ ಗೌರವ ಸಲ್ಲಿಸಿದಂತೆ ಆಗುವುದಿಲ್ಲವೆಂದು ಬಹಳ ದಿನ ಯೋಚಿಸಿ ತೀರ್ಮಾನಿಸಿದೆ. ಸಂಪಾದಕರು ಮನ್ನಿಸಬೇಕು, ಓದುಗರು ತಾಳಿಕೊಳ್ಳಬೇಕು.

ಮೊದಲು ಅವರ ಹೆಸರುವಾಸಿ ಹೆಜ್ಜೆಗಳ ವಿಷಯ. ಮೇಡಂ ಸೇವೆಗೆ ಸೇರಿದಾಗ ಬಯಲು ಜಾಗದ ಲೆಕ್ಕವನ್ನು ಕಚೇರಿಯಲ್ಲಿ ಕೂತು ಮಾಡುತ್ತಿದ್ದರಂತೆ. ಇಷ್ಟು ಜನಸಂಖ್ಯೆಗೆ ಇಷ್ಟು ಎಕರೆ, ಅಲ್ಲಿಗೆ ಮುಗಿಯಿತು. ಆ ಎಕರೆ ಯಾವ ಮೂಲೆಯಲ್ಲಿದೆ, ನಡುವೆ ರೈಲು ಹಳಿ ಇದೆಯೇ, ಹೆದ್ದಾರಿ ಇದೆಯೇ ಎಂದು ಯಾರೂ ಕೇಳುತ್ತಿರಲಿಲ್ಲ. ಮೇಡಂ ತಮ್ಮ ಅತ್ತೆಯವರನ್ನೂ ಪಕ್ಕದ ಮನೆಯ ಆರು ವರ್ಷದ ಹುಡುಗಿಯನ್ನೂ ಕರೆದುಕೊಂಡು ಬಡಾವಣೆ ಬಡಾವಣೆ ಸುತ್ತಿದರು. ಅಜ್ಜಿಯ ಕೈ ಹಿಡಿದ ಮಗು ಮನೆಯ ಬಾಗಿಲಿನಿಂದ ಹೊರಟು ಹತ್ತು ನಿಮಿಷದೊಳಗೆ ತಲುಪಿದರೆ ಆ ಬಯಲು ಆ ಮನೆಗೆ ಸೇರಿದ್ದು, ತಲುಪದಿದ್ದರೆ ಅದು ಇದ್ದೂ ಇಲ್ಲದ್ದು ಎಂಬ ನಿಯಮ ಹುಟ್ಟಿದ್ದು ಹಾಗೆ. ಅವರ ಅತ್ತೆಯವರು ತೊಂಬತ್ತರ ಹತ್ತಿರ ಬದುಕಿದ್ದರು. ನಾನು ಮೊದಲ ಸಲ ಅವರ ಮನೆಗೆ ಹೋದಾಗ ಆ ಹಿರಿಯರು ನನ್ನನ್ನು ಹತ್ತಿರ ಕೂರಿಸಿಕೊಂಡು, "ಸೊಸೆ ನನ್ನನ್ನ ದಿನಾ ಸಂಜೆ ತಿರುಗಾಡಿಸಿಕೊಂಡು ಬರ್ತಾಳೆ ಅಂತ ನೆರೆಯವರೆಲ್ಲ ಹೊಗಳ್ತಾರಪ್ಪ. ಅವಳ ಕೈಯಲ್ಲಿರೋ ಗಡಿಯಾರ ಮಾತ್ರ ಯಾರ ಕಣ್ಣಿಗೂ ಬಿದ್ದಿಲ್ಲ" ಎಂದು ದೂರು ಕೊಟ್ಟಿದ್ದರು. ಮೇಡಂ ಒಳಗಿನಿಂದ, "ಅತ್ತೆ, ಅದನ್ನೆಲ್ಲ ಅವನಿಗೆ ಹೇಳ್ಬೇಡಿ, ನಾಳೆ ಕಚೇರಿ ತುಂಬ ಹರಡ್ತಾನೆ" ಎಂದರು. ನಾನು ಹರಡಿದೆ, ನಿಜ.

ಅವರು ತಂದ ಎರಡನೆಯ ಬದಲಾವಣೆ ಸಮೀಕ್ಷೆಯ ಹಾಳೆಯಲ್ಲಿ. ಒಂದು ಬಯಲಿಗೆ ಸಂಜೆ ಎಷ್ಟು ಜನ ಬಂದರೆಂದು ಎಣಿಸುವ ಪದ್ಧತಿ ಎಲ್ಲ ಕಡೆಯೂ ಇದೆ. ಮೇಡಂ ಆ ಹಾಳೆಯ ಬಲಗಡೆ ಇನ್ನೊಂದು ಅಂಕಣ ಎಳೆಸಿ, ತಲೆಗೆ "ಬಾರದವರು" ಎಂದು ಬರೆಸಿದರು. ಬಂದವರನ್ನು ಕಣ್ಣಿದ್ದವರೆಲ್ಲ ಎಣಿಸುತ್ತಾರೆ. ಬರಬೇಕಾಗಿದ್ದು ಬಾರದವರು ಯಾರು, ಹೆಣ್ಣುಮಕ್ಕಳೇ, ಮುದುಕರೇ, ಕೈಗೂಸಿನ ತಾಯಂದಿರೇ, ಅವರನ್ನು ತಡೆದದ್ದು ಕತ್ತಲೆಯೇ, ಕುಡುಕರೇ, ಕೂರಲು ಒಂದು ಕಲ್ಲುಬೆಂಚಿಲ್ಲದ್ದೇ ಎಂದು ಮನೆಮನೆಗೆ ಹೋಗಿ ಕೇಳಿ ತುಂಬಬೇಕಾದ ಅಂಕಣ ಅದು. ಹೊಸದಾಗಿ ಸೇರಿದ ನಾವು ಅದನ್ನು ಕಂಡು ತಲೆ ಚಚ್ಚಿಕೊಳ್ಳುತ್ತಿದ್ದೆವು. ಆದರೆ ಈ ಪ್ರದೇಶದ ನೂರಾರು ಬಯಲುಗಳಲ್ಲಿ ಇಂದು ದೀಪವಿದ್ದರೆ, ಬೆಂಚಿದ್ದರೆ, ಬಾಗಿಲು ಹಾಕುವ ಶೌಚಾಲಯವಿದ್ದರೆ ಅದು ಆ ಅಂಕಣದಿಂದ ಬಂದದ್ದು.

ಶಾಲೆಗಳ ಆಟದ ಬಯಲನ್ನು ಶಾಲೆ ಬಿಟ್ಟ ಮೇಲೆ ಸುತ್ತಲಿನ ಮಕ್ಕಳಿಗೆ ತೆರೆದಿಡಬೇಕೆಂದು ಆದೇಶ ಮಾಡಿಸಿದವರೂ ಅವರೇ. ಒಬ್ಬ ಮುಖ್ಯೋಪಾಧ್ಯಾಯಿನಿ ಕಿಟಕಿಯ ಗಾಜು ಒಡೆಯುತ್ತದೆಂದು ಬೀಗದ ಕೈ ಕೊಡಲು ಒಪ್ಪಲಿಲ್ಲ. "ಒಡೆದ ಪ್ರತಿ ಗಾಜಿಗೂ ನಾನು ಹೊಣೆ" ಎಂದು ಮೇಡಂ ಬರೆದುಕೊಟ್ಟರು. ಮೊದಲ ವರ್ಷ ಏಳು ಗಾಜು ಒಡೆದವು. ಏಳು ಸಲವೂ ಗಾಜಿನ ಕೆಲಸದವನನ್ನು ಜೊತೆಗೆ ಕರೆದುಕೊಂಡು ಹೋಗಿ, ಅವನು ಚೌಕಟ್ಟಿಗೆ ಮೆತ್ತುವ ತನಕ ಅಲ್ಲೇ ನಿಂತು, ಆಟದ ಮಕ್ಕಳಿಗೆ ಚೆಂಡನ್ನು ಯಾವ ದಿಕ್ಕಿಗೆ ಒದೆಯಬೇಕೆಂದು ಪಾಠ ಹೇಳಿ ಬಂದರು. ಎಂಟನೆಯ ಗಾಜು ಒಡೆಯಲಿಲ್ಲ. ಹೊಣೆ ಎಂದು ಒಮ್ಮೆ ಹೇಳಿದ ಮೇಲೆ ಅವರು ಹಿಂದೆ ಸರಿಯುವವರಲ್ಲ ಎಂಬುದನ್ನು ಓದುಗರು ಇಲ್ಲಿಯೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ನಾನು ಸೇರಿದ್ದು ಇಪ್ಪತ್ತೆರಡು ವರ್ಷಗಳ ಹಿಂದೆ, ನಕ್ಷೆಗಾರನಾಗಿ. ಮೂರನೆಯ ಮಹಡಿಯ ಉದ್ದನೆಯ ಕೋಣೆ. ಇಳಿಜಾರು ಮೇಜುಗಳು ಎರಡು ಸಾಲು. ತುದಿಯಲ್ಲಿ ಪ್ರತಿ ತೆಗೆಯುವ ಯಂತ್ರ, ಅದರಿಂದ ಕಣ್ಣು ಉರಿಯುವಂಥ ಅಮೋನಿಯಾ ವಾಸನೆ. ಆ ಯಂತ್ರ ನಡೆಸುತ್ತಿದ್ದ ಜವಾನರಿಗೆ ಉಬ್ಬಸವಿತ್ತು. ಮೇಡಂ ತಮ್ಮ ಮೇಜನ್ನು ಕಿಟಕಿಯ ಪಕ್ಕದಿಂದ ಎತ್ತಿಸಿ ಗೋಡೆಯ ಮೂಲೆಗೆ ಹಾಕಿಸಿಕೊಂಡು, ಯಂತ್ರವನ್ನು ಕಿಟಕಿಯ ಬಳಿಗೆ ತರಿಸಿದ್ದರು. ಅದರ ಬಗ್ಗೆ ಅವರು ಮಾತೆತ್ತಿದ್ದನ್ನು ನಾನು ಕೇಳಿಲ್ಲ. ನನಗೆ ಹೇಳಿದವರು ಆ ಜವಾನರು. ನನಗೆ ಬಣ್ಣ ತುಂಬುವುದನ್ನು ಮೇಡಂ ಕೈ ಹಿಡಿದು ಕಲಿಸಿದರು. ಬ್ರಷ್ಷಿನಲ್ಲಿ ನೀರು ಹೆಚ್ಚಾದರೆ, "ಏನಪ್ಪ, ಬಯಲು ಬರೀತಿದ್ದೀಯೋ ಕೆರೆ ಬರೀತಿದ್ದೀಯೋ?" ಎನ್ನುತ್ತಿದ್ದರು. ಸಂಜೆಯ ತರಗತಿಗೆ ಸೇರಿ ಯೋಜನಾಶಾಸ್ತ್ರ ಓದು ಎಂದು ಅರ್ಜಿ ತುಂಬಿಸಿದವರೂ, ಪರೀಕ್ಷೆಗಳ ವಾರದಲ್ಲಿ ನನ್ನ ಪಾಲಿನ ಹಾಳೆಗಳನ್ನು ತಾವೇ ಬರೆದವರೂ ಅವರೇ. ಇಂದು ನಾನು ಅವರ ಕುರ್ಚಿಯಲ್ಲಿ ಕೂತಿದ್ದೇನೆ.

ಇನ್ನು ಆ ಹಾಳೆಯ ವಿಷಯ.

ಇಪ್ಪತ್ತು ವರ್ಷಗಳ ಹಿಂದೆ ಪ್ರದೇಶದ ಮೊಟ್ಟಮೊದಲ ಬಯಲು ಜಾಗಗಳ ಯೋಜನೆ ಸಿದ್ಧವಾಗುತ್ತಿತ್ತು. ಇಡೀ ಪ್ರದೇಶವನ್ನು ಮೂವತ್ತೆರಡು ಹಾಳೆಗಳಾಗಿ ಹಂಚಲಾಗಿತ್ತು. ಹಸಿರು ತುಂಬಿದ ಜಾಗ ಆಟಕ್ಕೂ ವಿಹಾರಕ್ಕೂ ಶಾಶ್ವತವಾಗಿ ಮೀಸಲು, ಅದನ್ನು ಯಾರೂ ಮುಟ್ಟುವಂತಿಲ್ಲ. ಬಿಳಿಯಾಗಿ ಉಳಿದದ್ದು ಇನ್ನೂ ನಿರ್ಧಾರವಾಗದ ನೆಲ; ಸಾರ್ವಜನಿಕರ ಆಕ್ಷೇಪಣೆಗೆ ಕೊಟ್ಟ ನಲವತ್ತೈದು ದಿನಗಳೊಳಗೆ ಯಾರೂ ಏನೂ ಹೇಳದಿದ್ದರೆ ಅದನ್ನು ಸರ್ಕಾರ ಯಾವ ಬಳಕೆಗೆ ಬೇಕಾದರೂ ಕೊಡಬಹುದು. ಎರಡು ಹಾಳೆಗಳ ನಡುವಿನ ಗೆರೆ ಯಾವುದಾದರೂ ಬಯಲನ್ನು ಸೀಳಿಕೊಂಡು ಹೋದರೆ, ಹೆಚ್ಚಿನ ಭಾಗ ಯಾರ ಹಾಳೆಯಲ್ಲಿದೆಯೋ ಆ ನಕ್ಷೆಗಾರ ಪೂರ್ತಿ ಬಯಲಿನ ಹೊಣೆ ಹೊತ್ತು ಎರಡೂ ಕಡೆ ಬಣ್ಣ ತುಂಬಬೇಕು ಎಂಬುದು ನಮ್ಮ ಕೋಣೆಯ ಕಟ್ಟಳೆ.

ಹದಿನಾಲ್ಕನೆಯ ಹಾಳೆ ನನ್ನದು, ಹದಿನೈದನೆಯದು ನನ್ನ ಹಿಂದಿನ ಮೇಜಿನ ಹಿರಿಯ ನಕ್ಷೆಗಾರರದು. ಎರಡರ ಅಂಚಿನಲ್ಲಿ, ಗಿರಣಿ ಕೆಲಸಗಾರರ ಸಾಲುಮನೆಗಳ ಹಿಂದೆ ಒಂದು ಬಯಲಿತ್ತು. ಸಾಲುಮನೆಗಳ ಕೊನೆಯ ಬಾಗಿಲಿನಿಂದ ಅಲ್ಲಿಗೆ ನಾಲ್ಕು ನಿಮಿಷ. ಗಿರಣಿಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದ ಒಬ್ಬರು ಪ್ರತಿದಿನ ಐದು ಗಂಟೆಗೆ ಅಲ್ಲಿ ಸಾಲುಮನೆಗಳ ಹೆಣ್ಣುಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತಿದ್ದರು. ಕೊರಳಲ್ಲಿ ಸದಾ ಸೀಟಿ ಇರುತ್ತಿದ್ದುದರಿಂದ ಅವರು ಸೀಟಿ ಮೇಷ್ಟ್ರು. ಇಪ್ಪತ್ತೆರಡು ಹುಡುಗಿಯರು, ಎರಡು ಪೂರಾ ತಂಡ. ಆ ಬಯಲಿನ ಸಮೀಕ್ಷೆಯಲ್ಲಿ "ಬಾರದವರು" ಅಂಕಣದಲ್ಲಿ ಮೇಡಂ ಒಂದು ಸೊನ್ನೆ ಬರೆದಿದ್ದರು. ಇಡೀ ಪ್ರದೇಶದಲ್ಲಿ ಅವರಿಗೆ ಸೊನ್ನೆ ಸಿಕ್ಕಿದ್ದು ಅದೊಂದೇ ಕಡೆ, ಅದನ್ನು ಅವರು ಬಂದವರಿಗೆಲ್ಲ ಹೇಳಿಕೊಂಡು ಹಿಗ್ಗುತ್ತಿದ್ದರು.

ಹಾಳೆಗಳನ್ನು ಒಪ್ಪಿಸಬೇಕಾದ ಮಧ್ಯಾಹ್ನ ಗುಮಾಸ್ತರ ಮೇಜಿನ ಫೋನು ಹೊಡೆದುಕೊಂಡಿತು. ನನ್ನ ಹೆಂಡತಿಯನ್ನು ದಿನ ತುಂಬುವ ಮೊದಲೇ ಆಸ್ಪತ್ರೆಗೆ ಸೇರಿಸಿದ್ದರು. ನನ್ನ ಕೈಯಲ್ಲಿ ಹಸಿರು ಅದ್ದಿದ ಬ್ರಷ್ಷಿತ್ತು, ಮುಂದೆ ಅಂಚಿನ ಆ ಬಯಲು ಉಳಿದಿತ್ತು. ಬಯಲಿನ ಹೆಚ್ಚು ಭಾಗ ಯಾರ ಹಾಳೆಯಲ್ಲಿದೆಯೆಂದು ಅಳತೆ ಹಿಡಿದು ನೋಡಬೇಕಾಗಿತ್ತು. ನಾನು ಕಣ್ಣಂದಾಜಿನಲ್ಲಿ ನೋಡಿ, ಇದು ಹದಿನೈದಕ್ಕೆ ಸೇರಿದ್ದಿರಬೇಕು ಎಂದುಕೊಂಡು ಬ್ರಷ್ ತೊಳೆದೆ. ಮೇಡಂ ಬಂದು, "ಮುಗೀತಾ?" ಎಂದರು. "ಎಲ್ಲಾ ಮುಗೀತು ಮೇಡಂ" ಎಂದೆ. "ಹಾಗಾದ್ರೆ ನಿಂತ್ಕೊಂಡು ಏನು ಮಾಡ್ತಿದ್ದೀಯಾ, ಓಡು. ಏನಾದ್ರೂ ಉಳಿದಿದ್ರೆ ನಾನು ನೋಡ್ಕೋತೀನಿ" ಎಂದರು. ಹಿಂದಿನ ಮೇಜಿನ ಹಿರಿಯರು ಕಟ್ಟಳೆಯಂತೆ ಅಳೆದು, ಹೆಚ್ಚಿನ ಪಾಲು ಹದಿನಾಲ್ಕರಲ್ಲಿದೆಯೆಂದು ಕಂಡು, ನನ್ನನ್ನು ನಂಬಿ ತಮ್ಮ ಕಡೆಯ ತುಂಡನ್ನು ಬಿಳಿಯಾಗಿಯೇ ಬಿಟ್ಟಿದ್ದರು. ಮೂವತ್ತೆರಡು ಹಾಳೆಗಳನ್ನು ಒಂಬತ್ತು ದಿನಗಳಲ್ಲಿ ಒಬ್ಬರೇ ಪರಿಶೀಲಿಸಿದ ಮೇಡಂ ಕಣ್ಣಿಗೂ ಅದು ಬೀಳಲಿಲ್ಲ.

ಇಷ್ಟು ಕೈತಪ್ಪು. ಇಷ್ಟೇ ಆಗಿದ್ದರೆ ನಾನು ಈ ಲೇಖನವನ್ನು ಹೀಗೆ ಬರೆಯುತ್ತಿರಲಿಲ್ಲ.

ಹೆರಿಗೆ ಕಷ್ಟದ್ದಾಯಿತು. ಮಗಳೂ ತಾಯಿಯೂ ಉಳಿದರು, ಆದರೆ ನಾನು ಕಚೇರಿಗೆ ಮರಳುವ ಹೊತ್ತಿಗೆ ಹಾಳೆಗಳು ಅಚ್ಚಾಗಿ, ಕೆಳಗಿನ ಪಡಸಾಲೆಯ ಹಲಗೆಯ ಮೇಲೆ ಜನರ ಆಕ್ಷೇಪಣೆಗೆಂದು ತೂಗುಬಿದ್ದಿದ್ದವು. ಅಂದು ನಲವತ್ತೈದರಲ್ಲಿ ಹನ್ನೊಂದನೆಯ ದಿನ. ಒಳಗೆ ಬರುವಾಗಲೇ ಹದಿನಾಲ್ಕೂ ಹದಿನೈದೂ ಅಕ್ಕಪಕ್ಕ ಕಂಡವು. ನಡುವೆ ಆ ಬಯಲು ಬಿಳಿಯಾಗಿತ್ತು. ಮೇಲೆ ಹೋಗಿ ಮೇಡಂಗೆ ಒಂದು ಮಾತು ಹೇಳಿದ್ದರೆ ಒಂದು ತಿದ್ದುಪಡಿಯ ಚೀಟಿ ಅಂಟಿಸಿ ಅಂದೇ ಸರಿಮಾಡುತ್ತಿದ್ದರು. ಆದರೆ ನನ್ನ ಎರಡು ವರ್ಷದ ಪರೀಕ್ಷಾರ್ಥ ಅವಧಿ ಆ ತಿಂಗಳ ಕೊನೆಗೆ ಮುಗಿಯುವುದಿತ್ತು. ಕೆಲಸ ಖಾಯಮ್ಮಾದ ಪತ್ರ ಕೈಗೆ ಬರಲಿ, ಆಮೇಲೆ ಹೇಳೋಣ ಎಂದುಕೊಂಡೆ. ಪತ್ರ ಬಂತು. ಈಗ ಹೇಳಿದರೆ ಇಷ್ಟು ದಿನ ಯಾಕೆ ಬಾಯಿ ಹೊಲಿದುಕೊಂಡಿದ್ದೆ ಎಂದು ಕೇಳುತ್ತಾರೆ, ಸಾಲುಮನೆಯವರೇ ಯಾರಾದರೂ ಆಕ್ಷೇಪಣೆ ಹಾಕುತ್ತಾರೆ, ತಾನಾಗಿ ಸರಿಹೋಗುತ್ತದೆ ಎಂದುಕೊಂಡೆ.

ಸಾಲುಮನೆಯವರು ಬಂದರು. ಇಪ್ಪತ್ತಾರನೆಯ ದಿನ ಸೀಟಿ ಮೇಷ್ಟ್ರು ಪಡಸಾಲೆಯಲ್ಲಿ ಹಲಗೆಯ ಮುಂದೆ ನಿಂತು, ಬಣ್ಣಗಳನ್ನು ನೋಡಿ ತಬ್ಬಿಬ್ಬಾಗಿ, ಆ ಕಡೆ ಹೋಗುತ್ತಿದ್ದ ನನ್ನನ್ನು ಕರೆದರು.

"ಸ್ವಾಮಿ, ನನಗೆ ಈ ನಕ್ಷೆಗಿಕ್ಷೆ ಓದೋಕೆ ಬರಲ್ಲ. ನಮ್ಮ ಬಯಲು ಇದರಲ್ಲಿ ಇದೆಯಾ, ಸ್ವಲ್ಪ ನೋಡಿ ಹೇಳ್ತೀರಾ?"

"ಇದೆ ಮೇಷ್ಟ್ರೇ. ಎಲ್ಲಿಗೆ ಹೋಗುತ್ತೆ?" ಎಂದೆ.

ಅವರು ನನ್ನ ಭುಜ ತಟ್ಟಿ, "ಮಗು ಹುಟ್ಟಿದೆಯಂತೆ, ಮೇಡಂ ಹೇಳಿದ್ರು. ದೊಡ್ಡವಳಾಗ್ಲಿ, ನಮ್ಮ ತಂಡಕ್ಕೆ ಕಳಿಸಿ" ಎಂದು ಹೇಳಿ ಮೆಟ್ಟಿಲಿಳಿದು ಹೋದರು.

ನಲವತ್ತೈದು ದಿನ ಮುಗಿಯಿತು. ನಾಲ್ಕು ತಿಂಗಳ ಮೇಲೆ ಬಿಳಿಯ ನೆಲಗಳ ಪಟ್ಟಿಯಿಂದ ಆ ಬಯಲನ್ನು ಒಂದು ಗೋದಾಮಿಗೆ ಕೊಟ್ಟರು. ಲಾರಿಗಳು ಕಲ್ಲುಕಂಬ ಇಳಿಸಿದ ಬೆಳಿಗ್ಗೆ ಇಪ್ಪತ್ತೆರಡು ಹುಡುಗಿಯರು ಆಟದ ಬೂಟು ಹಾಕಿಕೊಂಡೇ ನಮ್ಮ ಕಚೇರಿಯ ಮೆಟ್ಟಿಲ ಮೇಲೆ ಬಂದು ಕೂತರು. ಗದ್ದಲವಿಲ್ಲ, ಘೋಷಣೆಯಿಲ್ಲ. ಮೇಡಂ ಕೆಳಗಿಳಿದು ಬಂದು ಅವರ ನಡುವೆ ಕೂತರು. ಹುಡುಗಿಯರು ಹೋದ ಮೇಲೂ ಬಹಳ ಹೊತ್ತು ಅವರು ಮೇಲೆ ಬರಲಿಲ್ಲ.

ವಿಚಾರಣೆಗೆ ಮೂವರು ಅಧಿಕಾರಿಗಳು ಕೂತರು. ನಮ್ಮೆಲ್ಲರನ್ನೂ ಸಾಲಾಗಿ ನಿಲ್ಲಿಸಿ, "ಹದಿನಾಲ್ಕನೇ ಹಾಳೆ ಯಾರದ್ದು?" ಎಂದು ಕೇಳಿದರು. ನಾನು ಬಾಯಿ ತೆರೆದೆನೋ ಇಲ್ಲವೋ ಎಂಬುದನ್ನು ಇಷ್ಟು ವರ್ಷ ನನಗೆ ನಾನೇ ಬೇರೆ ಬೇರೆ ರೀತಿ ಹೇಳಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ ತೆರೆಯಲಿಲ್ಲ. ಮೇಡಂ ಒಂದು ಹೆಜ್ಜೆ ಮುಂದೆ ಬಂದು, "ಹಾಳೆ ಯಾರದ್ದಾದ್ರೇನು ಸಾರ್? ನೋಡಿ ಸಹಿ ಹಾಕಿದ್ದು ನಾನು. ನಾನು ನೋಡ್ಕೋತೀನಿ ಅಂತ ಹೇಳಿದ್ದೆ, ನೋಡಲಿಲ್ಲ" ಎಂದರು. ಅವರ ಸೇವಾಪುಸ್ತಕದಲ್ಲಿ ಎಚ್ಚರಿಕೆಯ ಪತ್ರ ಸೇರಿತು. ಮುಖ್ಯ ಯೋಜಕರ ಹುದ್ದೆ ಎರಡು ಸಲ ತೆರವಾಯಿತು, ಎರಡು ಸಲವೂ ಅವರಿಗಿಂತ ಕಿರಿಯರಿಗೆ ಹೋಯಿತು. ಈ ಪ್ರದೇಶದ ಬಯಲುಗಳನ್ನೆಲ್ಲ ಕಾಲಿನಲ್ಲಿ ಅಳೆದವರು ಉಪ ಮುಖ್ಯ ಯೋಜಕರಾಗಿಯೇ ನಿವೃತ್ತರಾದರು.

ಆ ತಿಂಗಳೇ ಕೋಣೆಗೆ ಹೊಸ ಕಟ್ಟಳೆ ಬಂತು: ಅಂಚಿನ ಬಯಲು ಯಾರದ್ದೆಂದು ಅಳೆಯುವ ಗೊಡವೆಯೇ ಬೇಡ, ಪ್ರತಿಯೊಬ್ಬರೂ ತಮ್ಮ ಹಾಳೆಯ ಗೆರೆ ದಾಟಿ ಎರಡು ಬೆರಳು ಆಚೆಯ ತನಕ ಬಣ್ಣ ತುಂಬಬೇಕು. ಈಗ ನಕ್ಷೆಗಳು ಕಂಪ್ಯೂಟರಿನಲ್ಲಿ ಮೂಡುತ್ತವೆ, ಅಲ್ಲಿ ಹಾಳೆಯೂ ಇಲ್ಲ ಅಂಚೂ ಇಲ್ಲ. ಆದರೂ ಎರಡು ಬೆರಳಿನ ಕಟ್ಟಳೆ ನಡೆದುಕೊಂಡು ಬಂದಿದೆ. ಹೊಸಬರು, "ಮೇಡಂ ಕಂಪ್ಯೂಟರಿಗೂ ಸೆರಗು ಹೊಲಿಸಿದ್ದಾರೆ" ಎಂದು ತಮಾಷೆ ಮಾಡುತ್ತಾರೆ. ಯಾಕೆ ಹೀಗೆ ಎಂದು ನನ್ನನ್ನು ಕೇಳಿದಾಗಲೆಲ್ಲ, "ಮೊದಲಿನಿಂದ ಬಂದದ್ದು" ಎಂದು ಹೇಳಿ ಕಣ್ಣು ತಪ್ಪಿಸಿದ್ದೇನೆ.

ಮೇಡಂ ಮಾತ್ರ ಆ ಸಾಲುಮನೆಗಳನ್ನು ಬಿಡಲಿಲ್ಲ. ಶನಿವಾರ ಮಧ್ಯಾಹ್ನ ಕಚೇರಿ ಮುಗಿಸಿ ನೇರ ಅಲ್ಲಿಗೆ ಹೋಗುತ್ತಿದ್ದರು. ಸೀಟಿ ಮೇಷ್ಟ್ರು ಹುಡುಗಿಯರನ್ನು ಬಸ್ಸಿನಲ್ಲಿ ದೂರದ ಕ್ರೀಡಾಂಗಣಕ್ಕೆ ಕರೆದುಕೊಂಡು ಹೋಗಿ ಬರುತ್ತಿದ್ದರು. ಒಂದು ವರ್ಷದಲ್ಲಿ ಇಪ್ಪತ್ತೆರಡು ಒಂಬತ್ತಾಯಿತು, ಮರುವರ್ಷ ಮೂರಾಯಿತು. ಕತ್ತಲಾದ ಮೇಲೆ ಹೆಣ್ಣುಮಕ್ಕಳು ಬಸ್ಸಿನಲ್ಲಿ ಬರುವುದು ಬೇಡವೆಂದು ಮನೆಗಳವರು ಒಬ್ಬೊಬ್ಬರಾಗಿ ನಿಲ್ಲಿಸಿದರು. ಆಮೇಲೆ ಮೇಷ್ಟ್ರು ಒಬ್ಬರೇ ಐದು ಗಂಟೆಗೆ ಬಂದು ಗೋದಾಮಿನ ಗೋಡೆಗೆ ಎದುರಾಗಿದ್ದ ಬೆಂಚಿನ ಮೇಲೆ ಕೂತಿದ್ದು ಹೋಗುತ್ತಿದ್ದರು. "ನನ್ನ ತಪ್ಪು, ಮೇಷ್ಟ್ರೇ" ಎಂದು ಮೇಡಂ ಹೇಳಿದ ದಿನದಿಂದ ಎರಡು ವರ್ಷ ಅವರು ಮೇಡಂ ಜೊತೆ ಮಾತು ಬಿಟ್ಟಿದ್ದರು. ಮೇಡಂ ಆ ಎರಡು ವರ್ಷವೂ ಶನಿವಾರ ತಪ್ಪಿಸದೆ ಹೋಗಿ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು ಬಂದರು. ಮೂರನೆಯ ವರ್ಷ ಒಂದು ದಿನ ಮೇಷ್ಟ್ರು, "ನಿಮ್ಮ ಕಚೇರಿ ಹುಡುಗನ ಮಗಳು ಓಡ್ತಾಳಾ?" ಎಂದು ಕೇಳಿದರಂತೆ. ಸೋಮವಾರ ಮೇಡಂ ಅದನ್ನು ಸಂತೋಷದಿಂದ ನನಗೆ ಹೇಳಿದರು. ನನಗೆ ಅಂದು ಊಟ ಸೇರಲಿಲ್ಲ.

ನಾಲ್ಕು ವರ್ಷಗಳ ಹಿಂದೆ ಮೇಷ್ಟ್ರು ತೀರಿಕೊಂಡರು. ಅವರಿರುವಾಗಲೇ ಸಾಲುಮನೆಗಳಿಗೆ ಬೇರೊಂದು ಬಯಲು ಕೊಡಿಸಬೇಕೆಂದು ಮೇಡಂ ಮಾಡಿದ ಪ್ರಯತ್ನ ಒಂದೂ ಕೈಗೂಡಲಿಲ್ಲ. ಹೆದ್ದಾರಿಯ ಆಚೆ ಒಂದು ಜಾಗ ಸಿಕ್ಕಿತು, ಮಗುವಿನ ಹೆಜ್ಜೆಗೆ ಇಪ್ಪತ್ತೈದು ನಿಮಿಷ. ಅವರ ಸೇವೆಯ ಕೊನೆಯ ವರದಿಯಲ್ಲಿ ಸಾಲುಮನೆಗಳ ಕೊರತೆ ನೀಗಿದೆಯೆಂದು ಬರೆಯುವಂತೆ ಮೇಲಿನವರು ಸೂಚಿಸಿದರು, ಆಮೇಲೆ ಒತ್ತಾಯಿಸಿದರು. ಮೇಡಂ "ಬಯಲು: ಇಲ್ಲ" ಎಂದು ಬರೆದು ಸಹಿ ಹಾಕಿ ಹೊರಟರು. ಆ ವರದಿಯನ್ನು ಮುಂದಿನ ಸಲ ಬರೆಯಬೇಕಾದವನು ನಾನು.

ಹೊರಡುವ ದಿನ ತಮ್ಮ ಮೇಜಿನ ಕೆಳಗಿನ ಡ್ರಾಯರನ್ನು ತೋರಿಸಿ, "ಬಗ್ಗೋಕೆ ಆಗಲ್ಲ ನನಗೆ, ಇದನ್ನ ನೀನೇ ಖಾಲಿ ಮಾಡಪ್ಪ" ಎಂದಿದ್ದರು. ನಡೆದು ನಡೆದು ಅವರ ಮೊಣಕಾಲು ಎರಡೂ ಸವೆದುಹೋಗಿವೆ. ಮರುದಿನ ತೆರೆದರೆ ತಳದಲ್ಲಿ ಮಡಿಸಿದ ಒಂದೇ ಒಂದು ದೊಡ್ಡ ಕಾಗದ ಇತ್ತು. ಹದಿನಾಲ್ಕು ಮತ್ತು ಹದಿನೈದನೆಯ ಮೂಲ ಹಾಳೆಗಳು, ಅಂಚಿಗೆ ಅಂಚು ಸೇರಿಸಿ ಅಂಟಿಸಿದ್ದರು. ಬಯಲಿನ ಮುಕ್ಕಾಲು ಪಾಲು ನನ್ನ ಕಡೆಯೇ ಇತ್ತು, ಕೆಳಗಿನ ಮೂಲೆಯಲ್ಲಿ, ಅಚ್ಚಿನ ಪ್ರತಿಗಳಲ್ಲಿ ಇರದ ನನ್ನ ಸಹಿ ಸ್ಪಷ್ಟವಾಗಿತ್ತು. ಹಾಳೆ ತಿರುಗಿಸಿದೆ. ಹಿಂಬದಿಯ ತುಂಬ ಶನಿವಾರಗಳ ದಿನಾಂಕ, ಒಂದೊಂದರ ಮುಂದೆ ಬಂದವರು ಇಷ್ಟು, ಬಾರದವರು ಇಷ್ಟು ಎಂದು ಸಣ್ಣಕ್ಷರದಲ್ಲಿ ಬರೆದ ಲೆಕ್ಕ. ತಪ್ಪು ನನ್ನದೆಂದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಆ ಹಾಳೆಗಳ ಮೇಲೆ ಕೈಯಿಟ್ಟುಕೊಂಡು ನಾನು ಅತ್ತೆ.

ಅವರಿಗೆ ಗೊತ್ತಿಲ್ಲದ್ದು ಒಂದಿತ್ತು, ಹನ್ನೊಂದನೆಯ ದಿನದ್ದು. ಈ ಲೇಖನದ ಕರಡು ಬರೆದು, ಅಚ್ಚಿಗೆ ಕೊಡುವ ಮೊದಲು ಅವರ ಮನೆಗೆ ತೆಗೆದುಕೊಂಡು ಹೋದೆ. ಚಹಾ ಕೊಟ್ಟು, ಕನ್ನಡಕ ಹಾಕಿಕೊಂಡು, ಹಳೆಯ ಅಭ್ಯಾಸದಂತೆ ಕೈಯಲ್ಲಿ ಪೆನ್ಸಿಲ್ ಹಿಡಿದು ಓದಲು ಕೂತರು. ಅತ್ತೆಯವರ ದೂರಿಗೆ ನಕ್ಕರು. ಗಾಜಿನ ಕೆಲಸದವನ ಸುದ್ದಿಗೆ, "ಏಳಲ್ಲ, ಆರು ಗಾಜು ಇರ್ಬೇಕು" ಎಂದರು. ಹನ್ನೊಂದನೆಯ ದಿನದ ಪುಟಕ್ಕೆ ಬಂದಾಗ ಪೆನ್ಸಿಲ್ ನಿಂತಿತು. ಓದಿದರು, ಮತ್ತೆ ಮೊದಲಿನಿಂದ ಓದಿದರು. ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಮೂವತ್ನಾಲ್ಕು ದಿನ ಇತ್ತಲ್ಲಪ್ಪ" ಎಂದರು.

ಕರಡಿನ ಆ ಸಾಲಿನ ಮೇಲೆ ಬೆರಳಿಟ್ಟರು.

"ನಿನ್ನನ್ನ ಉಳಿಸಿದೆ ಅಂತ ನಾನು ಸಮಾಧಾನ ಮಾಡ್ಕೊಂಡಿದ್ದೆ, ಇಷ್ಟು ವರ್ಷ. ಬಯಲನ್ನೇ ಉಳಿಸ್ಬಹುದಿತ್ತು. ನನಗೊಂದು ಮಾತು ಹೇಳೋಕೆ ಅಷ್ಟು ಹೆದರಿಕೆನಾ ನಿಂಗೆ? ನಾನು ನಿನ್ನನ್ನ ಏನು ತಿಂದುಬಿಡ್ತಿದ್ನಾ?"

ಅವರ ದನಿ ಒಡೆದದ್ದನ್ನು ಇಪ್ಪತ್ತೆರಡು ವರ್ಷದಲ್ಲಿ ನಾನು ಕೇಳಿದ್ದು ಅಂದೇ. "ಈ ಭಾಗ ತೆಗೆದುಬಿಡ್ಲಾ ಮೇಡಂ? ನಿಮ್ಮ ಸನ್ಮಾನದ ಪುಸ್ತಕ ಇದು" ಎಂದೆ.

"ತೆಗೀಬೇಡ. ಇದನ್ನ ಬಿಳಿ ಬಿಟ್ಟು ಮಿಕ್ಕಿದ್ದಕ್ಕೆಲ್ಲ ಬಣ್ಣ ತುಂಬಿದ್ರೆ ಮತ್ತೆ ಅದೇ ಹಾಳೆ ಆಗುತ್ತೆ. ಅಚ್ಚಾಗ್ಲಿ." ಕನ್ನಡಕ ಮತ್ತೆ ಹಾಕಿಕೊಂಡು, ಪೆನ್ಸಿಲಿನಿಂದ ಕರಡಿನ ಒಂದು ಕಡೆ ಗೀಟು ಹೊಡೆದರು. "ಇಲ್ಲಿ ನೋಡು, ಸಾಲುಮನೆಯಿಂದ ಬಯಲಿಗೆ ಸುಮಾರು ಹತ್ತು ನಿಮಿಷ ಅಂತ ಬರ್ದಿದ್ದೀಯ. ನಾಲ್ಕು ಅಂತ ತಿದ್ದು. ಕೊನೇ ಬಾಗಿಲಿಂದ ನಾಲ್ಕೇ ನಿಮಿಷ. ನಾನು ನಡೆದು ನೋಡಿದ್ದೀನಿ."

ಕ್ಷಮಿಸಿದ್ದೇನೆ ಎಂದು ಅವರು ಹೇಳಲಿಲ್ಲ, ಕೇಳುವ ಮುಖವೂ ನನಗಿರಲಿಲ್ಲ. ಹೊರಟು ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದಾಗ ಒಳಗಿನಿಂದ, "ಶನಿವಾರ ಬಾ. ಗಡಿಯಾರ ತಗೊಂಡು ಬಾ" ಎಂದರು.

ಹೋದ ಶನಿವಾರ ಇಬ್ಬರೂ ಸಾಲುಮನೆಗಳ ಕೊನೆಯ ಬಾಗಿಲಿನಿಂದ ಹೊರಟೆವು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ನನ್ನ ತೋಳಿನ ಮೇಲೆ. ಎರಡು ಕಡೆ ನಿಂತು ದಣಿವಾರಿಸಿಕೊಂಡರು. ಗೋದಾಮಿನ ಗೋಡೆ ತಲುಪುವ ಹೊತ್ತಿಗೆ ಹನ್ನೊಂದು ನಿಮಿಷವಾಗಿತ್ತು. "ಬರ್ಕೋ. ಮಗುವಿನ ಹೆಜ್ಜೆಗೆ ನಾಲ್ಕು, ನನ್ನ ಹೆಜ್ಜೆಗೆ ಹನ್ನೊಂದು. ಮಗುವಿನ ಹೆಜ್ಜೆಯ ಹತ್ತು ನಿಮಿಷ ಮುದುಕರಿಗೆ ದೂರ ಆಗುತ್ತೆ, ನಿಯಮನೇ ತಿದ್ದಬೇಕು. ಇನ್ಮೇಲೆ ಇದೊಂದು ಕೆಲಸ ಇದೆ ನಮಗೆ" ಎಂದರು. ಆ ಹಳೆಯ ಬೆಂಚಿನ ಮೇಲೆ ಕೂತು ಸಮೀಕ್ಷೆಯ ಹಾಳೆ ತೆಗೆದೆ. ಐದು ಗಂಟೆ. ಬಂದವರು ಎಂಬಲ್ಲಿ ಎರಡು ಎಂದು ಬರೆದೆ. ಬಾರದವರು ಎಂಬಲ್ಲಿ ಇಪ್ಪತ್ತೆರಡು ಎಂದು ಬರೆದು ಅವರ ಮುಂದೆ ಹಿಡಿದೆ.

"ಇಪ್ಪತ್ಮೂರು" ಎಂದರು ಮೇಡಂ. "ಮೇಷ್ಟ್ರನ್ನ ಬಿಟ್ಟಿದ್ದೀಯ."

ತಿದ್ದಿದೆ.

ಮುಂದಿನ ವರದಿಯಲ್ಲಿಯೂ ಸಾಲುಮನೆಗಳ ಎದುರು "ಬಯಲು: ಇಲ್ಲ" ಎಂದೇ ಇರುತ್ತದೆ, ಅದರ ಕೆಳಗಿನ ಸಹಿ ಈ ಸಲ ನನ್ನದು. ಪೂಜ್ಯರಾದ ಮೇಡಂ, 'ಇಲ್ಲ' ಎಂಬುದನ್ನು ಅಳಿಸಿ 'ಇದೆ' ಎಂದು ಬರೆಯುವ ದಿನ ಬರುವ ತನಕ ತಮ್ಮ ಕೋಲಿನ ಸದ್ದು ಆ ಬೀದಿಯಲ್ಲಿ ಕೇಳುತ್ತಿರಲಿ. ಮುದುಕರ ಹೆಜ್ಜೆಯ ನಿಯಮವನ್ನು ತಾವು ಹೇಳಬೇಕು, ನಾನು ಬರೆದುಕೊಳ್ಳಬೇಕು. ಬಾರದವರ ಅಂಕಣದಲ್ಲಿ ತಮ್ಮನ್ನೂ ಸೇರಿಸಿ ಇಪ್ಪತ್ತನಾಲ್ಕು ಎಂದು ಬರೆಯಬೇಕಾದ ಶನಿವಾರ ಬಹಳ, ಬಹಳ ತಡವಾಗಿ ಬರಲಿ.